ಧೈರ್ಯಕ್ಕೂ ತರಬೇತಿ ಬೇಕು

ಸ್ವಂತ ಉದ್ಯೋಗದ ಮಾತೆತ್ತಿದರೆ ನಮ್ಮಲ್ಲಿ ಮೊದಲು ಬರುವುದು ಸಾಲ, ಸಬ್ಸಿಡಿಯ ಲೆಕ್ಕ. ‘ನನ್ನಿಂದ ಇದು ಆದೀತೆ?’ ಎಂದು ಒಳಗೊಳಗೇ ಅಳುಕುವ ಯುವಕ, ಯುವತಿಯರ ಬಗ್ಗೆ ಮಾತು ಕಡಿಮೆ. ಆ ಅಳುಕನ್ನೇ ಕೈಗೆತ್ತಿಕೊಂಡದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಸೇರಿ ಆರಂಭಿಸಿದ ಈ ಸಂಸ್ಥೆಯಲ್ಲಿ ಊಟ, ವಸತಿ, ತರಬೇತಿ ಎಲ್ಲವೂ ಉಚಿತ.

ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಯಂಥ ಕಸುಬಿನ ಜತೆಗೆ ಆಟಗಳನ್ನೂ ಆಡಿಸುತ್ತಾರೆ. ಕಂಬಕ್ಕೆ ಬಳೆ ಎಸೆಯುವ ಆಟದಲ್ಲಿ ಎಷ್ಟು ದೂರ ನಿಲ್ಲಬೇಕೆಂದು ಶಿಬಿರಾರ್ಥಿಯೇ ನಿರ್ಧರಿಸಬೇಕು. ತೀರಾ ಹತ್ತಿರ ನಿಂತರೆ ಗೆದ್ದರೂ ಅಂಕ ಕಡಿಮೆ. ತೀರಾ ದೂರ ನಿಂತರೆ ಗುರಿ ತಪ್ಪುತ್ತದೆ. ನಾಲ್ಕಾರು ಸಲ ಎಸೆಯುವಷ್ಟರಲ್ಲಿ ತನ್ನ ಅಳವೇನು ಎಂಬುದು ತನಗೇ ತಿಳಿಯುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದೂ ಇದನ್ನೇ: ‘ನನ್ನಿಂದಾಗುತ್ತದೆ’ ಎಂಬ ನಂಬಿಕೆ ಬಲವಾಗಿ ಬೇರೂರುವುದು ಸ್ವತಃ ಮಾಡಿ ಗೆದ್ದ ಅನುಭವದಿಂದ; ಆಮೇಲೆ, ತನ್ನಂಥವರೇ ಗೆದ್ದದ್ದನ್ನು ಕಂಡು. ಹುರಿದುಂಬಿಸುವ ಭಾಷಣದ ಪಾಲು ಅವುಗಳಿಗಿಂತ ಕಡಿಮೆ. ಪಕ್ಕದೂರಿನ ಹೆಣ್ಣುಮಗಳ ಟೈಲರಿಂಗ್ ಅಂಗಡಿ ತುಂಬುವ ಧೈರ್ಯವನ್ನು ದೊಡ್ಡ ಉದ್ಯಮಿಯ ಯಶೋಗಾಥೆ ತುಂಬಲಾರದು.

ಈ ಮಾದರಿ ಇಂದು ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಹೆಸರಿನಲ್ಲಿ ದೇಶದ ಬಹುತೇಕ ಜಿಲ್ಲೆಗಳಲ್ಲಿದೆ. ತರಬೇತಿಯ ನಂತರ ಎರಡು ವರ್ಷ ಬೆನ್ನಿಗೆ ನಿಲ್ಲುವುದೂ ಅದರ ಭಾಗ. ಆದರೆ ಇಷ್ಟೆಲ್ಲ ಕಲಿತು ಬಂದವರನ್ನು ಬ್ಯಾಂಕ್ ಶಾಖೆಯಲ್ಲಿ ‘ನಾಳೆ ಬಾ’ ಎಂದು ಅಲೆದಾಡಿಸಿದರೆ ಗಳಿಸಿದ ಧೈರ್ಯವೆಲ್ಲ ಕರಗಿಹೋಗುತ್ತದೆ. ಅವರ ಸಾಲದ ಅರ್ಜಿಗಳು ಏನಾದವು ಎಂಬುದನ್ನು ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆ ಪ್ರತಿ ಸಲವೂ ಕೇಳಲಿ. ತಿರಸ್ಕರಿಸಿದ ಶಾಖೆ ಕಾರಣವನ್ನು ಬರೆದುಕೊಡಲಿ.