ಹಿತ್ತಾಳೆಯ ಮೇಲೆ ಬಳಿದ ಬಣ್ಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಮಹಾಜನರೇ,

ಈ ನಾಲ್ಕು ತಾಲ್ಲೂಕುಗಳಲ್ಲೊಂದರ ಸರ್ಕಾರಿ ಆಸ್ಪತ್ರೆಯಲ್ಲಿ, ಯಾರೋ ದೊಡ್ಡವರು ತಪಾಸಣೆಗೆ ಬರುವರೆಂಬ ಸಂಭ್ರಮದಲ್ಲಿ, ಹಳೆಯ ಬಾಗಿಲುಗಳ ಹಿತ್ತಾಳೆಯ ಹಿಡಿಕೆ ಚಿಲಕಗಳಿಗೂ ಮರದೊಡನೆಯೇ ಎನಾಮಲ್ ಬಳಿದುಬಿಟ್ಟಿರುವುದನ್ನು ಕಂಡು ನನ್ನ ಮೈಯುರಿಯಿತು. ಬಣ್ಣವಿನ್ನೂ ಆರಿರಲಿಲ್ಲ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದ ತಾಯಿಯೊಬ್ಬಳು ಕೈಗಂಟಿದ್ದನ್ನು ಸೆರಗಿಗೊರಸಿಕೊಂಡು ಒಳಗೆ ಹೋದಳು. ಇಂಥದನ್ನು ನೀವೂ ಕಂಡಿರಬೇಕು, ಕಂಡು ಸುಮ್ಮನಿದ್ದಿರಬೇಕು.

ಹಿತ್ತಾಳೆಯಲ್ಲಿ ಬಹುಪಾಲು ತಾಮ್ರವೇ; ಆ ತಾಮ್ರದ ಗುಣವನ್ನು ನಿಮಗೆ ಹೊಸದಾಗಿ ಹೇಳಬೇಕಾದುದಿಲ್ಲ. ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯುತ್ತಿದ್ದ ಹಿರಿಯರನ್ನು ಬಲ್ಲಿರಿ. 1983ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಫಿಲಿಸ್ ಕುನ್ ಎಂಬಾಕೆ ಬಾಗಿಲ ಹಿಡಿಕೆಗಳನ್ನು ಪರೀಕ್ಷಿಸಲಾಗಿ, ಫಳಫಳಿಸುವ ಸ್ಟೀಲಿನ ಮೇಲೆ ರೋಗಾಣುಗಳು ಸಮೃದ್ಧವಾಗಿಯೂ, ನೂರಕ್ಕೆ 67 ಪಾಲು ತಾಮ್ರವಿದ್ದ ಹಿತ್ತಾಳೆಯ ಮೇಲೆ ಅತ್ಯಲ್ಪವಾಗಿಯೂ ದೊರೆತುವು. ಶುಚಿಯಾಗಿಟ್ಟ ತಾಮ್ರದ ಮಿಶ್ರಲೋಹಗಳು ಕೆಲವು ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 99.9ರಷ್ಟನ್ನು ಎರಡು ಗಂಟೆಯೊಳಗೆ ನಾಶಮಾಡುವುವೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಮಾನ್ಯ ಮಾಡಿತು. 2020ರಲ್ಲಿ ಕೊರೊನಾ ವೈರಾಣು ಸ್ಟೀಲು ಪ್ಲಾಸ್ಟಿಕ್ಕುಗಳ ಮೇಲೆ ಎರಡು ಮೂರು ದಿನ ಜೀವಿಸಿದ್ದು, ತಾಮ್ರದ ಮೇಲೆ ನಾಲ್ಕು ಗಂಟೆಯಲ್ಲಿ ಇಲ್ಲವಾದುದೂ ಪ್ರಯೋಗಸಿದ್ಧ. ಆದರೆ ರೋಗಾಣುವಿನ ಪೊರೆಯನ್ನು ತಾಮ್ರದ ಅಯಾನುಗಳು ಛೇದಿಸಬೇಕಾದರೆ ಬರಿಯ ಲೋಹವೇ ಅದಕ್ಕೆ ತಾಗಬೇಕು. ನಡುವೆ ಬಣ್ಣ ಬಂದಿತೋ, ಹಿತ್ತಾಳೆಗೂ ಹಲಗೆಗೂ ಭೇದವೇ ಉಳಿಯದು.

ಬಡತನವನ್ನು ಕ್ಷಮಿಸುವೆನು, ಸಿಬ್ಬಂದಿಯ ಕೊರತೆಯನ್ನೂ ಕ್ಷಮಿಸುವೆನು; ಕ್ಷಮಿಸಲಾರದುದು ಈ ತೋರಿಕೆಯೊಂದನ್ನೇ. ದುಡ್ಡಿರಲಿಲ್ಲವೆನ್ನುವಂತಿಲ್ಲ, ಬಣ್ಣಕ್ಕೆ ದುಡ್ಡಿತ್ತು! ಕಿಲುಬು ಹಿಡಿದಿತ್ತೆನ್ನುವಿರಾದರೆ, ಹುಣಸೆಮರಗಳಿಗೆ ಬರವಿಲ್ಲದ ಈ ಸೀಮೆಯಲ್ಲಿ ಒಂದು ಹಿಡಿ ಹುಣಸೆಹಣ್ಣು ಸಿಗಲಿಲ್ಲವೇ? ಹಬ್ಬದ ಮುನ್ನಾದಿನ ಮನೆಯ ದೀಪದ ಕಂಬಗಳನ್ನು ತಿಕ್ಕಿ ಬೆಳಗುವ ನಾವು, ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೂ, ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿಯ ಸನ್ನಿಧಿಗೂ ಮಡಿಯುಟ್ಟು ಹೋಗುವ ನಾವು, ಜ್ವರ ಬಂದ ನಮ್ಮ ಮಕ್ಕಳೇ ಹಿಡಿದೆಳೆಯುವ ಬಾಗಿಲನ್ನು "ಸರ್ಕಾರದ್ದು" ಎಂದು ಬಿಟ್ಟುಬಿಡುವೆವಲ್ಲ, ಇದಾವ ಮಡಿ!

ಸಾಬೂನಿನ ಕೆಲಸವನ್ನು ತಾಮ್ರ ಮಾಡೀತೆಂದು ನಾನು ಹೇಳುತ್ತಿಲ್ಲ. ಕೈ ತೊಳೆಯುವುದು ತಪ್ಪಬಾರದು, ಹಿಡಿಕೆ ಒರಸುವುದೂ ತಪ್ಪಬಾರದು. ನಾನು ಬೇಡುವುದಿಷ್ಟೇ: ಆ ಬಣ್ಣವನ್ನು ಕೆರೆದು ತೆಗೆಸಿರಿ, ರಿಪೇರಿಯ ನೆಪದಲ್ಲಿ ಹಳೆಯ ಹಿತ್ತಾಳೆ ಗುಜರಿಗೆ ಹೋಗದಂತೆ ತಡೆಯಿರಿ. ಹೊಸ ವಾರ್ಡು ಕಟ್ಟುವಾಗ ಬಾಗಿಲಿಗೂ ನಲ್ಲಿಗೂ ಯಾವ ಲೋಹ ಹಾಕಬೇಕೆಂಬ ಮಾತು ಆಮೇಲೆ ಬರಲಿ. ಇದ್ದುದನ್ನು ಕೊಂದವರು ಹೊಸದನ್ನು ಹೇಗೆ ಸಾಕಿಯಾರು?

ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಪರಿಚಯದವರು ಇದ್ದೇ ಇರುತ್ತಾರೆ. ಬಣ್ಣ ಬಳಿಯಿರೆಂದು ಅಪ್ಪಣೆ ಕೊಟ್ಟವರಾರು, ಅದರ ಬಿಲ್ಲಿಗೆ ಸಹಿ ಹಾಕಿದವರಾರು ಎಂದು ಮುಂದಿನ ಸಭೆಯಲ್ಲಿ ಕೇಳಿಸಿರಿ. ಉತ್ತರ ಬರುವವರೆಗೆ ಅವರನ್ನು ಬಿಡಬೇಡಿರಿ.