ಆಪರೇಷನ್ ಆಯ್ತು, ಕೈ ಗುಣವಾಯ್ತು: ಗುಣವಾಗಿದ್ದು ಆಪರೇಷನ್ನಿಂದಲೇ ಎಂದು ಹೇಗೆ ಗೊತ್ತಾಗುತ್ತದೆ?

ಇಳಕಲ್‌ನ ನೇಕಾರರಿಗೆ, ಅಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಡ್ರಿಲ್ ಹಿಡಿಯುವವರಿಗೆ, ಹುನಗುಂದ ಮತ್ತು ಬಾದಾಮಿ ಸುತ್ತಲಿನ ಹೊಲಗಳಲ್ಲಿ ಕೂಲಿ ಮಾಡುವವರಿಗೆ ಕೈಯೇ ಬಂಡವಾಳ. ಕೈಗೆ ಜೋಮು ಹಿಡಿದರೆ ಅಥವಾ ಮಣಿಕಟ್ಟು ಮುರಿದರೆ ಸಲಹೆಗಳಿಗೇನೂ ಬರವಿಲ್ಲ. ಒಬ್ಬರು ನಾಟಿ ಕಟ್ಟು ಕಟ್ಟಿಸಿ ಎನ್ನುತ್ತಾರೆ. ಇನ್ನೊಬ್ಬರು "ಬಾಗಲಕೋಟೆಗೆ ಹೋಗಿ ಆಪರೇಷನ್ ಮಾಡಿಸ್ರಿ, ನಮ್ಮ ಕಾಕಾಗ ಆರಾಮ ಆಗೇತಿ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಕಂಡದ್ದು ಸಾಕ್ಷಿಯಾಗುತ್ತದೆಯೇ? ಎಲುಬು ಮತ್ತು ಕೈ ಶಸ್ತ್ರಚಿಕಿತ್ಸೆಯಲ್ಲಿ ಸಂಶೋಧನೆ ಯಾಕೆ ಬೇಕು, ಅದರಲ್ಲಿ ನಮ್ಮ ಊರುಗಳ ಕೈಗಳಿಗೆ ಯಾಕೆ ಜಾಗ ಬೇಕು ಎಂದು ನೋಡೋಣ.

"ನನಗೆ ಗುಣವಾಯಿತು" ಎಂಬುದು ಯಾಕೆ ಸಾಲದು?

ಮುರಿದ ಎಲುಬು ತಾನಾಗಿಯೇ ಕೂಡಿಕೊಳ್ಳುತ್ತದೆ. ಅದು ದೇಹದ ಗುಣ. ನಾಟಿ ಕಟ್ಟು, ಪ್ಲಾಸ್ಟರ್, ಪ್ಲೇಟು ಇವೆಲ್ಲ ಎಲುಬನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಉಪಾಯಗಳು. ಹಾಗಾಗಿ ಯಾವ ಉಪಾಯ ಮಾಡಿದರೂ ಬಹಳ ಜನರಿಗೆ ಎಲುಬು ಕೂಡುತ್ತದೆ, ಹೆಸರು ಮಾತ್ರ ಉಪಾಯಕ್ಕೆ ಹೋಗುತ್ತದೆ. ಸೊಟ್ಟಗೆ ಕೂಡಿಕೊಂಡ ಎಲುಬಿನ ಕಥೆ ಯಾರೂ ಹೇಳುವುದಿಲ್ಲ. ಬಿಗಿಯಾದ ಕಟ್ಟಿನಿಂದ ರಕ್ತ ಸಂಚಾರ ನಿಂತು ಕೈ ಮುರುಟಿಹೋದವರ ಕಥೆಯೂ ಅಷ್ಟಾಗಿ ಹರಡುವುದಿಲ್ಲ.

ನಾಟಿ ವೈದ್ಯರಷ್ಟೇ ಅಲ್ಲ, ಸರ್ಜನ್ನರೂ ಇದೇ ಬಲೆಗೆ ಬೀಳಬಹುದು. ಸವೆದ ಮಂಡಿಯೊಳಗೆ ದುರ್ಬೀನು ಹಾಕಿ ಸ್ವಚ್ಛ ಮಾಡುವ ಆಪರೇಷನ್ ಒಂದು ಕಾಲಕ್ಕೆ ತುಂಬಾ ನಡೆಯುತ್ತಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿದರು. ಕೆಲವರಿಗೆ ನಿಜವಾದ ಆಪರೇಷನ್ ಆಯಿತು. ಕೆಲವರಿಗೆ, ಅವರ ಒಪ್ಪಿಗೆಯ ಮೇರೆಗೇ, ಚರ್ಮ ಕೊಯ್ದು ಹೊಲಿದದ್ದು ಮಾತ್ರ. ಯಾರಿಗೆ ಯಾವುದು ಆಗಿದೆ ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. 2002ರಲ್ಲಿ ಫಲಿತಾಂಶ ಪ್ರಕಟವಾದಾಗ, ಎರಡು ವರ್ಷಗಳ ಅವಧಿಯಲ್ಲಿ ನಿಜವಾದ ಆಪರೇಷನ್ ಸುಳ್ಳು ಆಪರೇಷನ್ನಿಗಿಂತ ಹೆಚ್ಚು ನೋವು ಇಳಿಸಿರಲಿಲ್ಲ. ಅಲ್ಲಿಯವರೆಗೆ "ಆರಾಮಾಯಿತು" ಎಂದವರೆಲ್ಲ ನಿಜವನ್ನೇ ಹೇಳಿದ್ದರು. ಕಾರಣ ಮಾತ್ರ ಬೇರೆಯಿತ್ತು.

ಹಾಗಾದರೆ ಕೈ ಆಪರೇಷನ್‌ಗಳೂ ವ್ಯರ್ಥವೇ?

ಅಲ್ಲ. ಹೋಲಿಸಿ ನೋಡಿದಾಗ ಕೆಲವು ಆಪರೇಷನ್‌ಗಳು ಗೆಲ್ಲುತ್ತವೆ, ಕೆಲವು ಅಗ್ಗದ ಚಿಕಿತ್ಸೆಗೆ ಸಮ ಎಂದು ತಿಳಿಯುತ್ತದೆ.

ಕಾರ್ಪಲ್ ಟನಲ್ ಸಿಂಡ್ರೋಮ್ ಎಂಬ ತೊಂದರೆ ತೆಗೆದುಕೊಳ್ಳಿ. ಮಣಿಕಟ್ಟಿನ ಇಕ್ಕಟ್ಟಾದ ಜಾಗದಲ್ಲಿ ಒಂದು ನರ ಒತ್ತಿಕೊಂಡು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬರುತ್ತದೆ. ರಾತ್ರಿ ಎಚ್ಚರವಾಗಿ ಕೈ ಜಾಡಿಸಬೇಕಾಗುತ್ತದೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೆದರ್ಲ್ಯಾಂಡ್ಸ್‌ನಲ್ಲಿ 176 ರೋಗಿಗಳನ್ನು ಹೀಗೆಯೇ ಹಂಚಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ರಾತ್ರಿ ಕಟ್ಟುವ ಪಟ್ಟಿ ಕೊಟ್ಟರು. ಮೂರು ತಿಂಗಳಿಗೆ ಆಪರೇಷನ್ ಗುಂಪಿನಲ್ಲಿ ಶೇ 80, ಪಟ್ಟಿಯ ಗುಂಪಿನಲ್ಲಿ ಶೇ 54 ಮಂದಿಗೆ ಗುಣ ಕಂಡಿತು. 18 ತಿಂಗಳಿಗೆ ಅದು ಶೇ 90 ಮತ್ತು ಶೇ 75 ಆಯಿತು. ಆದರೆ ಅಷ್ಟು ಹೊತ್ತಿಗೆ ಪಟ್ಟಿಯ ಗುಂಪಿನ ಶೇ 41 ಮಂದಿಯೂ ಆಪರೇಷನ್ ಮಾಡಿಸಿಕೊಂಡಿದ್ದರು. ಅಂದರೆ ಇಲ್ಲಿ ಆಪರೇಷನ್ನಿಗೆ ನಿಜವಾದ ಲಾಭವಿದೆ. ಆದರೂ ಎಲ್ಲರಿಗೂ ಅದು ಬೇಕಾಗಲಿಲ್ಲ.

ಮಣಿಕಟ್ಟಿನ ಮುರಿತದಲ್ಲಿ ಕಥೆ ಬೇರೆ. ಬ್ರಿಟನ್ನಿನಲ್ಲಿ 461 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ, ದುಬಾರಿ ಪ್ಲೇಟು ಮತ್ತು ಅಗ್ಗದ ತಂತಿ ಎರಡನ್ನೂ ಹೋಲಿಸಿತು. ವರ್ಷದ ಕೊನೆಗೆ ಕೈಯ ನೋವಿನಲ್ಲಿ, ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2022ರ ಇನ್ನೊಂದು ಅಧ್ಯಯನದಲ್ಲಿ 500 ಜನರಿದ್ದರು. ಎಲುಬನ್ನು ಜಾಗಕ್ಕೆ ಕೂರಿಸಿದ ಮೇಲೆ ತಂತಿ ಹಾಕುವುದಕ್ಕೂ ಬರೀ ಪ್ಲಾಸ್ಟರ್‌ಗೂ ವರ್ಷದ ನಂತರ ಅಂಥ ವ್ಯತ್ಯಾಸವಿರಲಿಲ್ಲ. ಆದರೆ ಪ್ಲಾಸ್ಟರ್ ಹಾಕಿಸಿಕೊಂಡ ಎಂಟು ಜನರಲ್ಲಿ ಒಬ್ಬರಿಗೆ, ಆರು ವಾರದೊಳಗೆ ಎಲುಬು ಜರುಗಿ ಮತ್ತೆ ಆಪರೇಷನ್ ಬೇಕಾಯಿತು. ಸಾಲ ಮಾಡಿ ಪ್ಲೇಟು ಹಾಕಿಸಬೇಕೇ ಎಂದು ಯೋಚಿಸುವ ಕುಟುಂಬಕ್ಕೆ ಇದು ಕೇಳಲೇಬೇಕಾದ ಮಾಹಿತಿ. ಎಲ್ಲ ಮುರಿತಗಳೂ ಒಂದೇ ಬಗೆಯವಲ್ಲ. ಹಾಗಾಗಿ "ನನ್ನ ಮುರಿತಕ್ಕೆ ತಂತಿ ಅಥವಾ ಪ್ಲಾಸ್ಟರ್ ಸಾಕಾಗುತ್ತದೆಯೇ?" ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಬಹುದು.

ಈ ಅಂಕಿಗಳು ಇಳಕಲ್‌ಗೂ ಹೊಂದುತ್ತವೆಯೇ?

ಅರ್ಧ ಹೊಂದುತ್ತವೆ. ನರ, ಎಲುಬು ಎಲ್ಲ ಕಡೆ ಒಂದೇ. ಆದರೆ ಕೈಯ ಕೆಲಸ ಒಂದೇ ಅಲ್ಲ.

ಕಾರ್ಪಲ್ ಟನಲ್ ರೋಗಿಗಳ ಸುಧಾರಣೆ ಅಳೆಯಲು ಜಗತ್ತಿನೆಲ್ಲೆಡೆ ಬಳಸುವ ಬಾಸ್ಟನ್ ಪ್ರಶ್ನಾವಳಿ 1993ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೈಯ ಕೆಲಸದ ಬಗ್ಗೆ ಎಂಟು ಅಂಶಗಳಿವೆ: ಬರೆಯುವುದು, ಗುಂಡಿ ಹಾಕುವುದು, ಪುಸ್ತಕ ಹಿಡಿದು ಓದುವುದು, ಟೆಲಿಫೋನ್ ಹಿಡಿಯುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಮನೆಗೆಲಸ, ಸಾಮಾನಿನ ಚೀಲ ಹೊರುವುದು, ಸ್ನಾನ ಮಾಡಿ ಬಟ್ಟೆ ತೊಡುವುದು. ಮಗ್ಗ ಇಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಬೆರಳ ತುದಿಗೆ ಎಳೆ ತಾಗಿದ್ದು ತಿಳಿಯದಿದ್ದರೆ ಆ ಕೆಲಸ ಆಗದು. ಎಂಟೂ ಪ್ರಶ್ನೆಗಳಿಗೆ "ತೊಂದರೆ ಇಲ್ಲ" ಎಂದ ನೇಕಾರ ಮಹಿಳೆ ಲೆಕ್ಕದಲ್ಲಿ ಗುಣವಾದಂತೆ. ಆದರೆ ಎಳೆ ಕೂಡಿಸಲು ಬಾರದಿದ್ದರೆ ಆಕೆಯ ಸಂಪಾದನೆ ನಿಂತಂತೆ.

ಕ್ವಾರಿಯಲ್ಲಿ ಇನ್ನೊಂದು ತೊಡಕು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಗಾಳಿ ಒತ್ತಡದ ಸುತ್ತಿಗೆ ಬಳಸುವ ಕಲ್ಲುಕುಟಿಗರ ಬೆರಳುಗಳು ಚಳಿಗೆ ಬಿಳಚಿ ಮರಗಟ್ಟುವುದನ್ನು ದಾಖಲಿಸಿದರು. ಯಂತ್ರದ ನಡುಕವೇ ಇದಕ್ಕೆ ಕಾರಣ. ನಮ್ಮಂಥ ಬಿಸಿಲ ನಾಡಿನಲ್ಲಿ ಬೆರಳು ಬಿಳಚುವುದು ಅಷ್ಟಾಗಿ ಕಾಣುವುದಿಲ್ಲ, ಜೋಮು ಮಾತ್ರ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಜೋಮು ಬರಬಹುದು. ಕಾರಣ ಬೇರೆಯಾಗಿದ್ದರೆ ಮಣಿಕಟ್ಟು ಕೊಯ್ದು ಹೆಚ್ಚು ಫಲವಿಲ್ಲ. ಡ್ರಿಲ್ ಕೆಲಸ ಮಾಡುವವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು.

ಕೆಲಸ ಮಾಡುವ ಕೈಯನ್ನು ಗಮನಿಸಿದರೆ ಏನು ಸಿಗುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನಲ್ಲೇ ಉದಾಹರಣೆಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಡಾ. ಪಾಲ್ ಬ್ರಾಂಡ್ ಕುಷ್ಠ ರೋಗಿಗಳ ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಬಿಡಿಸುತ್ತಿದ್ದರು. ರೋಗದಿಂದ ಬೆರಳು ತಾನಾಗಿ ಉದುರುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಸ್ಪರ್ಶ ತಿಳಿಯದ ಬೆರಳಿಗೆ ಕೆಲಸದಲ್ಲಿ ಮತ್ತೆ ಮತ್ತೆ ಗಾಯ, ಸುಟ್ಟಗಾಯ ಆಗಿ ಬೆರಳು ಸವೆಯುತ್ತದೆ ಎಂದು ಅವರು ತೋರಿಸಿಕೊಟ್ಟರು.

ಸಂಶೋಧನೆ ನಮ್ಮಲ್ಲೇ ನಡೆದರೆ?

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಲ್ಲಿ ಎಲುಬು-ಕೀಲು ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ಅಧ್ಯಯನ ಮಾಡಲೇಬೇಕು. ಇಂಥ ಅಧ್ಯಯನಗಳಿಗೆ ದೊಡ್ಡ ಅಡ್ಡಿ ಎಂದರೆ ಆಪರೇಷನ್ ಆದ ಮೇಲೆ ರೋಗಿ ತಿರುಗಿ ಬಾರದಿರುವುದು. ಆರಾಮಾದವರು "ಇನ್ಯಾಕೆ ಹೋಗಬೇಕು" ಎನ್ನುತ್ತಾರೆ. ಆರಾಮಾಗದವರು ಬೇರೆ ಆಸ್ಪತ್ರೆ ಹಿಡಿಯುತ್ತಾರೆ. ಕೆಲವರು ದುಡಿಯಲು ಗೋವಾ, ಮಂಗಳೂರಿಗೆ ಹೋಗಿರುತ್ತಾರೆ. ಬಸ್ಸಿನ ಖರ್ಚಿನ ಜೊತೆ ದಿನದ ಕೂಲಿಯೂ ಹೋಗುತ್ತದೆ. ಹೀಗೆ ಉಳಿದವರನ್ನಷ್ಟೇ ಎಣಿಸಿದರೆ ಉತ್ತರ ಸೊಟ್ಟಗಾಗುತ್ತದೆ. ಫೋನಿನಲ್ಲಿ ವಿಚಾರಿಸುವುದು, ತಾಲ್ಲೂಕು ಆಸ್ಪತ್ರೆಯಲ್ಲೇ ತಪಾಸಣೆ, ಪ್ರಯಾಣದ ಖರ್ಚು ಕೊಡುವುದು ಇದಕ್ಕೆ ಸರಳ ದಾರಿಗಳು.

"ಸಂಶೋಧನೆ ಎಂದರೆ ಬಡವರ ಮೇಲೆ ಪ್ರಯೋಗ" ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೇ ನಿಯಮಗಳಿವೆ. ಯಾರಾದರೂ ನಿಮ್ಮನ್ನು ಅಧ್ಯಯನಕ್ಕೆ ಸೇರಲು ಕೇಳಿದರೆ ಇವು ನೆನಪಿರಲಿ:

- ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ಕೇಳಿ. ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗಗಳನ್ನು 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ ದಾಖಲಿಸಬೇಕು. ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.
- ವಿವರಣೆ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಜೊತೆಗಿರಬೇಕು.
- ಬೇಡ ಎನ್ನಬಹುದು. ಮಧ್ಯದಲ್ಲೇ ಬಿಡಲೂಬಹುದು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು.
- ಅಧ್ಯಯನದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಸಿಗಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಪ್ಲಾಸ್ಟರ್ ಇರಲಿ, ನಾಟಿ ಕಟ್ಟು ಇರಲಿ, ಕಟ್ಟಿದ ಮೇಲೆ ನೋವು ವಿಪರೀತ ಹೆಚ್ಚಿದರೆ, ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಬೆರಳು ಚಾಚಿದಾಗ ತಡೆಯಲಾರದ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಕೈಯ ಸ್ನಾಯುಗಳು ಶಾಶ್ವತವಾಗಿ ಹಾಳಾಗಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಉಳಿದ ನಿರ್ಧಾರಗಳಿಗೆ ಸಾಮಾನ್ಯವಾಗಿ ಯೋಚಿಸಲು ಸಮಯವಿರುತ್ತದೆ. ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ, ಇದಕ್ಕಿಂತ ಸರಳ ಚಿಕಿತ್ಸೆ ಇದೆಯೇ, ಎಷ್ಟು ದಿನಕ್ಕೆ ಮತ್ತೆ ಲಾಳಿ ಹಿಡಿಯಬಹುದು ಎಂದು ಕೇಳಿ. ಮೊದಲ ಎರಡಕ್ಕೆ ಜಗತ್ತಿನ ಅಧ್ಯಯನಗಳು ಸಾಕಷ್ಟು ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಸರಿಯಾದ ಉತ್ತರ ಬೇಕಾದರೆ ಮಗ್ಗದ ಮುಂದೆ ಕೂತವರನ್ನೇ ಕೇಳಿ ಅಳೆಯಬೇಕು.