ಶಬ್ದಗಳನ್ನು ಕಣ್ಣಾರೆ ಕಾಣೋಣ

ನಮ್ಮ ಪಾಠಗಳಲ್ಲಿ ಪೊದೆ, ಪೊಟರೆ, ಕಾಲುದಾರಿ ಎಂಬ ಶಬ್ದಗಳು ಬರುತ್ತವೆ. ಮುಂಬಯಿಯಲ್ಲಿ ಬೆಳೆಯುವ ನಾವು ಅವುಗಳ ಅರ್ಥವನ್ನು ಬಾಯಿಪಾಠ ಮಾಡಿದ್ದೇವೆಯೇ ಹೊರತು ವಸ್ತುವನ್ನು ಕಂಡಿಲ್ಲ. ಈ ಕೊರತೆಯನ್ನು ನೀಗಲು ದೂರದ ಪ್ರವಾಸ ಬೇಕಿಲ್ಲ. ಪನವೇಲಿನಿಂದ ಪೇಣದ ಕಡೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಸುಮಾರು 12 ಕಿಲೋಮೀಟರು ಸಾಗಿದರೆ ಕರ್ನಾಳಾ ಪಕ್ಷಿಧಾಮವಿದೆ. ಅಲ್ಲಿ ಹೆಬ್ಬೆರಳಿನಂತೆ ನಿಂತ ಕಪ್ಪುಶಿಲೆಯ ಶಿಖರವುಂಟು. ಅದನ್ನೇರುವ ಹಟ ಬೇಡ. ಚಳಿಗಾಲದ ಬೆಳಿಗ್ಗೆ ಹಿರಿಯರೊಡನೆ ಕೆಳಗಿನ ಕಾಡುದಾರಿಯಲ್ಲಿ ಮೆಲ್ಲನೆ ನಡೆದರೆ ಸಾಕು. ಗೆಳೆಯರೇ, ಅಲ್ಲಿ ಕಂಡುದನ್ನೆಲ್ಲ ಕನ್ನಡದಲ್ಲಿಯೇ ಹೆಸರಿಸಿರಿ. ತಿಳಿಯದಿದ್ದರೆ ಮನೆಗೆ ಬಂದು ಅಜ್ಜಿಯನ್ನು ಕೇಳಿರಿ. ನಾವು ಕೇಳದೆ ಉಳಿದರೆ ಆ ಹೆಸರುಗಳು ಅವರೊಡನೆಯೇ ಮರೆಯಾಗುವುವು.